ಮಗಳಿಗೆ 18 ತುಂಬಿತು, ಪಿಂಚಣಿ ನಿಂತಿತು

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ಕೂಲಿಯವರ ಲೈನ್ ಮನೆಯಲ್ಲಿದ್ದೇವೆ. ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ನಡೆಯಲ್ಲ, ಮಾತಿಲ್ಲ, ದುಡ್ಡಿನ ವ್ಯವಹಾರ ತಿಳಿಯಲ್ಲ. 18 ತುಂಬಿದ ಮೇಲೆ ನಾಲ್ಕು ತಿಂಗಳಿಂದ ಅಂಗವಿಕಲರ ಪಿಂಚಣಿ ಇಲ್ಲ. ಬ್ಯಾಂಕಿನಲ್ಲಿ ಖಾತೆ ನಿಂತಿದೆ, ಮಗಳೇ ಬಂದು ಸಹಿ ಹಾಕಬೇಕು ಅಂತಾರೆ. ಸರ್ಕಾರವೇ ಕಡಿತ ಮಾಡಿದೆ, ಇನ್ನು ಬರಲ್ಲ ಅಂತ ತೋಟದವರು ಹೇಳ್ತಾರೆ. ಹೌದಾ?

ಉತ್ತರ: ಹಾಗಂತ ಈಗಲೇ ಅಂದುಕೊಳ್ಳಬೇಡಿ ಅಮ್ಮಾ. ನೀವು ಬರೆದದ್ದು ನೋಡಿದರೆ ಗಂಟು ಬಿದ್ದಿರುವುದು ಬ್ಯಾಂಕಿನಲ್ಲಿ. ಮಕ್ಕಳ ಖಾತೆಯಲ್ಲಿ 18 ತುಂಬಿದ ಮೇಲೆ ತಾಯಿಯ ಸಹಿ ನಡೆಯುವುದಿಲ್ಲ, ಹೊಸದಾಗಿ ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ, ಕೇಳುತ್ತಾರೆ. ಆದರೂ ಮೊದಲು ನಾಡಕಚೇರಿಗೆ ಹೋಗಿ, ಪಿಂಚಣಿ ಆದೇಶ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಕೇಳಿ. ನಿಲ್ಲಿಸಿದ್ದರೆ ಕಾರಣವನ್ನು ಬರೆದುಕೊಡಲು ಹೇಳಿ. ಯಾರೋ ಹೇಳಿದರು ಅಂತ ಸುಮ್ನೆ ಹೊಸ ಅರ್ಜಿ ಹಾಕಬೇಡಿ. ಹಳೇ ಬಾಕಿ ಕೇಳುವುದು ಆಮೇಲೆ ಕಷ್ಟವಾಗಬಹುದು.

ಸಹಿಗೂ ದಾರಿ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಇರುವವರಿಗೆ 18 ದಾಟಿದ ಮೇಲೂ ಕಾನೂನು ಪೋಷಕರನ್ನು ನೇಮಿಸಬಹುದು. ಕೋರ್ಟಿಗೆ ಅಲೆಯಬೇಕಿಲ್ಲ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯೇ ಪ್ರಮಾಣಪತ್ರ ಕೊಡುತ್ತದೆ. ಅದಿದ್ದರೆ ಮಗಳ ಪರವಾಗಿ ನೀವೇ ಖಾತೆ ನಡೆಸಬಹುದು. ಮಡಿಕೇರಿಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುವ ಮೊದಲು ನಿಮ್ಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅರ್ಜಿ ಬರೆಯಲು ನೆರವಾಗುವುದು ಅವರ ಕೆಲಸವೇ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಇಬ್ಬರ ಆಧಾರ್, ಮಗಳ ವಯಸ್ಸಿನ ದಾಖಲೆ ಜೊತೆಗಿರಲಿ.

ನಾಲ್ಕು ತಿಂಗಳು ಅಂತ ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ. ಅದರ ಹಿಂದೆ ಏನಿರುತ್ತದೆ ಅಂತ ನನಗೆ ಗೊತ್ತು. ಕಳೆದ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಇಂಥದ್ದೇ ಒಂದು ಲೈನ್ ಮನೆಗೆ ಹೋಗಿದ್ದೆ. ಒಲೆ ಮೇಲೆ ಹಗ್ಗ ಕಟ್ಟಿ ಮಗಳ ಬಟ್ಟೆ ಒಣಗಿಸಿದ್ದರು, ಎಲ್ಲದಕ್ಕೂ ಹೊಗೆ ವಾಸನೆ. ಪಿಂಚಣಿ ಬರುವಾಗ ಡೈಪರ್ ತರುತ್ತಿದ್ದರಂತೆ. ಮಗಳನ್ನು ನೋಡಿಕೊಳ್ಳಲು ಪಕ್ಕದ ಮನೆ ಅಜ್ಜಿಗೆ ಒಂದಿಷ್ಟು ಕೊಡುತ್ತಿದ್ದರಂತೆ. ಅದು ನಿಂತ ಮೇಲೆ ಅಮ್ಮ ಕೆಲಸಕ್ಕೆ ಹೋದ ದಿನವೆಲ್ಲ ಏಳನೇ ಕ್ಲಾಸಿನ ತಮ್ಮ ಸ್ಕೂಲು ಬಿಟ್ಟು ಅಕ್ಕನ ಹತ್ತಿರ ಕೂರುತ್ತಿದ್ದ. ಒಬ್ಬಳ ಪಿಂಚಣಿ ನಿಂತದ್ದಕ್ಕೆ ಇನ್ನೊಬ್ಬನ ಓದು ಹೋಯಿತು.

ಪೂರ್ತಿ ನಿಂತರೆ ಮಾತ್ರ ಕಡಿತ ಅಲ್ಲ. ಅಂಗವಿಕಲರ ಪಿಂಚಣಿಯಲ್ಲಿ ಕೇಂದ್ರದ ಪಾಲು 2012ರಿಂದ ತಿಂಗಳಿಗೆ 300 ರೂಪಾಯಿಯಲ್ಲೇ ಇದೆ. ಅಕ್ಕಿ, ಔಷಧಿ ಬೆಲೆ ಹಾಗೇ ನಿಂತಿಲ್ಲ ಅಲ್ವಾ? ಜಾಸ್ತಿ ಆಸರೆ ಬೇಕಾದವರನ್ನು ನೋಡಿಕೊಳ್ಳುವುದಕ್ಕೂ ಭತ್ಯೆ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ನೀವು ಕೇಳುತ್ತಿರುವುದು ಹಕ್ಕು, ತಲೆ ತಗ್ಗಿಸಬೇಡಿ.

ಇನ್ನೊಂದು ಮಾತು. ಮಗಳನ್ನು ಹೊತ್ತುಕೊಂಡು ಬ್ಯಾಂಕಿಗೆ ಹೋಗಬೇಡಿ. ಅಂಗವಿಕಲರ ಕೆವೈಸಿ ದಾಖಲೆಯನ್ನು ಮನೆಯಲ್ಲೇ ಪಡೆಯಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಇದನ್ನೇ ಬರೆದು ಮ್ಯಾನೇಜರಿಗೆ ಅರ್ಜಿ ಕೊಡಿ, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.