ಓದುಗರ ಪ್ರಶ್ನೆ: ಯಾರು ನಿಜವಾದ ಹಾರ್ಡ್‌ಬಾಯ್ಲ್ಡ್?

ಥ್ರಿಲ್ಲರ್ ಲೇಖಕ ಜೇಮ್ಸ್ ಹ್ಯಾಡ್ಲಿ ಚೇಸ್‌ನನ್ನು ಹಾರ್ಡ್‌ಬಾಯ್ಲ್ಡ್ (ಭಾವುಕತೆಯಿಲ್ಲದ, ಒರಟು ವಾಸ್ತವದ ಅಮೆರಿಕನ್ ಪತ್ತೇದಾರಿ ಶೈಲಿ) ಕಾದಂಬರಿಕಾರರಾದ ಡ್ಯಾಶಿಯಲ್ ಹ್ಯಾಮೆಟ್, ರೇಮಂಡ್ ಚಾಂಡ್ಲರ್ ಸಾಲಿಗೆ ಸೇರಿಸಬಹುದೇ? ಗೆಳೆಯರಲ್ಲಿ ವಾದ ಮುಗಿಯುತ್ತಿಲ್ಲ. (ಶಿವಮೊಗ್ಗ)

ಸೇರಿಸಬಹುದು, ಸಾಲಿನ ತೀರಾ ಕೊನೆಗೆ. ಹೆಣ, ಪಿಸ್ತೂಲು, ವಿಸ್ಕಿ ಎಣಿಸಿದರೆ ಈ ವಾದ ಬಗೆಹರಿಯದು. ಕೊಲೆಗಾರ ಸಿಕ್ಕಿಬಿದ್ದ ಮೇಲೂ ಊರು ಕೊಳೆತೇ ಇರುತ್ತದೆಯೇ ಎಂದು ನೋಡಿ. ಜೊತೆಗೆ, ಲೇಖಕ ಪಾತ್ರದ ಮನಸ್ಸಿನೊಳಗೆ ಇಣುಕದೆ ಕೆಲಸ ಸಾಧಿಸುತ್ತಾನೆಯೇ ಎಂದೂ ನೋಡಿ.

ಹ್ಯಾಮೆಟ್‌ನ ‘ದಿ ಮಾಲ್ಟೀಸ್ ಫಾಲ್ಕನ್’ (1930) ಕಾದಂಬರಿಯ ಎರಡನೇ ಅಧ್ಯಾಯ ತೆಗೆಯಿರಿ. ರಾತ್ರಿ ಎರಡು ದಾಟಿದೆ, ಪಾಲುದಾರ ಆರ್ಚರ್ ಸತ್ತನೆಂದು ಫೋನ್ ಬರುತ್ತದೆ. ಪತ್ತೇದಾರ ಸ್ಪೇಡ್ ಸಿಗರೇಟು ಸುತ್ತುತ್ತಾನೆ, ಅಷ್ಟೇ. ಅಳತೆಯಾಗಿ ತಂಬಾಕು ಉದುರಿಸಿ, ತುದಿಗಳಲ್ಲಿ ಸಮನಾಗಿ, ನಡುವೆ ತುಸು ತಗ್ಗಾಗುವಂತೆ ಹರಡುತ್ತಾನೆ. ದುಃಖವೋ ನಿರಾಳವೋ, ಹ್ಯಾಮೆಟ್ ಬಾಯಿ ಬಿಡುವುದಿಲ್ಲ. ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವನಲ್ಲವೇ, ಕಂಡಷ್ಟನ್ನೇ ಬರೆಯುವ ಕೈ.

ಚೇಸ್ ಲಂಡನ್ನಿನವ. 1939ರ ‘ನೋ ಆರ್ಕಿಡ್ಸ್ ಫಾರ್ ಮಿಸ್ ಬ್ಲಾಂಡಿಶ್’ ಬರೆಯಲು ಅಮೆರಿಕದ ಬೀದಿಮಾತಿನ ನಿಘಂಟು ನೆಚ್ಚಿಕೊಂಡಿದ್ದ. ಓಟ ಜೋರು, ಕ್ರೌರ್ಯ ಇನ್ನೂ ಜೋರು. ಆದರೆ ಪೊಲೀಸರು, ಮೇಯರ್ ಯಾರ ಜೇಬಿನಲ್ಲಿದ್ದಾರೆ ಎಂಬ ಲೆಕ್ಕಾಚಾರ ಅಲ್ಲಿ ತೆಳು.

ಹಾಗಾದರೆ ಜೇಮ್ಸ್ ಎಂ. ಕೇನ್? (ಧಾರವಾಡ)

ಹಾರ್ಡ್‌ಬಾಯ್ಲ್ಡ್ ಎಂಬ ಹಣೆಪಟ್ಟಿಯನ್ನು ಕೇನ್ ತಾನೇ ನಿರಾಕರಿಸಿದ್ದ. 1934ರ ‘ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್’ನಲ್ಲಿ ಕಥೆ ಹೇಳುವವನೇ ಕೊಲೆಗಾರ. ಮಾತು ಹಾರ್ಡ್‌ಬಾಯ್ಲ್ಡ್, ಕಥೆ ನುವಾರ್, ಅಂದರೆ ತಪ್ಪು ಮಾಡುವವನೇ ನಡುವೆ ನಿಂತು ನಾಶದತ್ತ ಜಾರುವ ಕರಾಳ ಕಥೆ. ಅಮೆರಿಕದ ಕಾದಂಬರಿಕಾರ ಜಿಮ್ ಥಾಂಪ್ಸನ್ ಕೂಡ ಆ ಕಡೆಯವನೇ.

ಮೊದಲಿಗ ಯಾರು? (ಮೈಸೂರು)

ಕ್ಯಾರಲ್ ಜಾನ್ ಡೇಲಿ. 1923ರಲ್ಲಿ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯಲ್ಲಿ ಅವನ ಪತ್ತೇದಾರ ಹ್ಯಾಮೆಟ್‌ನ ಪತ್ತೇದಾರನಿಗಿಂತ ಕೆಲವು ತಿಂಗಳು ಮುಂಚೆ ಬಂದ. ಡೇಲಿಯ ಕಥೆಗಳು ಇಂದು ಓದಿಸಿಕೊಳ್ಳುವುದು ಕಷ್ಟ.

‘ದಿ ಬಿಗ್ ಸ್ಲೀಪ್’ ನಡುವೆ ಎಳೆಯೇ ತಪ್ಪಿಹೋಯಿತು. ಬಿಟ್ಟುಬಿಡಲೇ? (ಉಡುಪಿ)

ಬಿಡಬೇಡಿ. ಚಾಂಡ್ಲರ್ 1939ರ ಆ ಕಾದಂಬರಿಯನ್ನು ಮುಖ್ಯವಾಗಿ ತನ್ನದೇ ಎರಡು ಹಳೆಯ ಕಥೆಗಳಿಂದ ಹೊಲಿದ. ಒಂದರಿಂದ ಅಶ್ಲೀಲ ಪುಸ್ತಕದ ವ್ಯಾಪಾರಿಯ ಕಥೆ, ಇನ್ನೊಂದರಿಂದ ಕಾಣೆಯಾದವನ ಕಥೆ. ಹೊಲಿಗೆ ಬಿಚ್ಚಿರುವ ಕಡೆಯೇ ಓದುಗ ಎಡವುವುದು. ಕಾರು ಚಾಲಕ ಹೇಗೆ ಸತ್ತ ಎಂಬುದು ಕೊನೆಗೂ ಇತ್ಯರ್ಥವಾಗುವುದಿಲ್ಲ. ಅದನ್ನು ಹುಡುಕುತ್ತ ಕೂರಬೇಡಿ. ದಿನಕ್ಕೆ 25 ಡಾಲರ್ ಮತ್ತು ಖರ್ಚಿಗೆ ದುಡಿಯುವ ಪತ್ತೇದಾರ ಮಾರ್ಲೋ ಶ್ರೀಮಂತರ ಮನೆಯಲ್ಲಿ ಏನೇನು ಗಮನಿಸುತ್ತಾನೆ, ಅದರ ಮೇಲೆ ಕಣ್ಣಿಡಿ. ಆಗಲೂ ಹಿಡಿಸದಿದ್ದರೆ ಹ್ಯಾಮೆಟ್‌ನ ‘ರೆಡ್ ಹಾರ್ವೆಸ್ಟ್’ (1929) ಮೊದಲು ಓದಿ. ಅದು ಪತ್ರಿಕೆಯಲ್ಲಿ ನಾಲ್ಕು ಕಂತಾಗಿ ಬಂದದ್ದು, ಹಾಗಾಗಿ ನಡುನಡುವೆ ನಿಲ್ಲಿಸಲು ಜಾಗ ಸಿಗುತ್ತದೆ.