ಹಗ್ಗ ‘ಫಾಸ್ಟ್’ ಆಗುವುದು ಅಂದರೇನು?

‘ಮೇಕ್ ದ ರೋಪ್ ಫಾಸ್ಟ್’ ಅನ್ನುವ ವಾಕ್ಯ ಓದಿ, ಹಗ್ಗಕ್ಕೂ ವೇಗಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ಇಲ್ಲಿ ವೇಗದ ಮಾತೇ ಇಲ್ಲ. ಹಗ್ಗವನ್ನು ಬಿಚ್ಚಿಹೋಗದ ಹಾಗೆ ಭದ್ರವಾಗಿ ಕಟ್ಟು ಅಂತ ಅರ್ಥ.

ಈ ಅರ್ಥದ ‘ಫಾಸ್ಟ್’ ನನಗೆ ಮೊದಲು ಸಿಕ್ಕಿದ್ದು ಅಪ್ಪನ ಬಟ್ಟೆ ಅಂಗಡಿಯಲ್ಲಿ. ಸೀರೆ ಬಿಡಿಸಿ ತೋರಿಸಿದ ಕೂಡಲೇ ‘ಬಣ್ಣ ಬಿಡ್ತೈತೇನ್ರೀ?’ ಅಂತ ಕೇಳುತ್ತಿದ್ದರು. ‘ಇಲ್ಲ ಅಕ್ಕಾರ, ಫಾಸ್ಟ್ ಕಲರ್’ ಅನ್ನುತ್ತಿದ್ದರು ಅಪ್ಪ. ಒಗೆದರೂ ನೂಲನ್ನು ಬಿಡದ ಬಣ್ಣ, ಅಷ್ಟೇ. ಬಟ್ಟೆ ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ಈ ಗುಣಕ್ಕೆ ‘ಕಲರ್ ಫಾಸ್ಟ್‌ನೆಸ್’ ಅನ್ನುತ್ತಾರೆ. ಒಗೆತಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, 5 ಬಂದರೆ ಬಣ್ಣ ಗಟ್ಟಿ.

ನಿಜ ಹೇಳಬೇಕೆಂದರೆ ‘ಗಟ್ಟಿ, ಭದ್ರ’ ಅನ್ನುವುದೇ ಈ ಪದದ ಹಳೆಯ ಅರ್ಥ. ವೇಗ ಆಮೇಲೆ ಬಂದು ಸೇರಿಕೊಂಡಿದ್ದು. ಅದು ಹೇಗೆ ಅಂತ ತಿಳಿಯಲು ನಮ್ಮ ‘ಜೋರು’ ನೋಡಿ. ಅದು ಪಾರ್ಸಿಯಿಂದ ಬಂದ ಪದ, ಮೂಲದಲ್ಲಿ ಶಕ್ತಿ ಅಂತ ಅರ್ಥ. ಆದರೆ ‘ಗಾಡಿ ಜೋರಾಗಿ ಓಡಿಸಬೇಡ’ ಅಂದಾಗ ನಾವು ವೇಗದ ಬಗ್ಗೆ ಹೇಳುತ್ತೇವೆ, ಅಲ್ವಾ? ಇಂಗ್ಲಿಷ್‌ನಲ್ಲೂ ಹಾಗೇ ಆಯಿತು. ಬಲವಾಗಿ ಓಡುವುದು ಅನ್ನುತ್ತಾ ಅನ್ನುತ್ತಾ ಬೇಗ ಓಡುವುದು ಅಂತಾಯಿತು. ಉಪವಾಸ ಅನ್ನುವ ‘ಫಾಸ್ಟ್’ ಕೂಡ ಇದೇ ಬೇರಿನದು: ನಿಯಮವನ್ನು ಬಿಡದೆ ಹಿಡಿಯುವುದು. ನಾವೂ ವ್ರತ ‘ಹಿಡಿಯುತ್ತೇವೆ’. ಈ ಹೋಲಿಕೆ ನನಗೆ ತುಂಬಾ ಇಷ್ಟ.

‘ಟೈಟ್’ ಅಂದರೂ ಅದೇ ಅಲ್ವಾ ಅಂತಲೂ ಕೇಳಿದ್ದೀರಿ. ಅಲ್ಲ, ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕೊಟ್ಟಿಗೆಯ ಹಸುವನ್ನು ನೆನೆಸಿಕೊಳ್ಳಿ. ಕೊರಳಿನ ಹಗ್ಗ ಸಡಿಲವಾಗಿಯೇ ಇರಬೇಕು, ಬಿಗಿಯಾದರೆ ಹಸುವಿಗೆ ಉಸಿರು ಕಟ್ಟುತ್ತದೆ. ಆದರೆ ಗೂಟಕ್ಕೆ ಕಟ್ಟಿದ ತುದಿ ಬಿಚ್ಚಬಾರದು. ಆ ಹಗ್ಗ ‘ಟೈಟ್’ ಅಲ್ಲ, ‘ಫಾಸ್ಟ್’. ‘ಟೈಟ್’ ಅಂದರೆ ಬಿಗಿ, ನಡುವೆ ಜಾಗವಿಲ್ಲ. ‘ಫಾಸ್ಟ್’ ಅಂದರೆ ಒಂದಕ್ಕೆ ಇನ್ನೊಂದು ಸೇರಿಕೊಂಡಿದೆ, ಕಿತ್ತು ಬರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಬರದಿದ್ದರೆ ‘ಟೈಟ್’ ಅನ್ನಿ, ಸಾಕು.

ಬಳಸುವಾಗ ಒಂದು ವಿಷಯ ಗಮನಿಸಿ. ಈ ಅರ್ಥದಲ್ಲಿ ಅದು ಹೆಚ್ಚಾಗಿ ಕ್ರಿಯಾಪದದ ಜೊತೆಯಲ್ಲೇ ಬರುತ್ತದೆ. ‘ಹೋಲ್ಡ್ ಫಾಸ್ಟ್’ ಅಂದರೆ ಬಿಡದೆ ಹಿಡಿದುಕೋ. ‘ದ ವೀಲ್ಸ್ ವರ್ ಸ್ಟಕ್ ಫಾಸ್ಟ್’ ಅಂದರೆ ಚಕ್ರಗಳು ಅಲ್ಲಾಡದ ಹಾಗೆ ಹೂತುಹೋಗಿದ್ದವು. ನಾಮಪದಕ್ಕಿಂತ ಮೊದಲು ಸುಮ್ನೆ ಇಟ್ಟು ‘ಎ ಫಾಸ್ಟ್ ರೋಪ್’ ಅಂತ ಬರೆಯಬೇಡಿ, ಓದಿದವರಿಗೆ ಗೊಂದಲ. ‘ಫಾಸ್ಟ್ ಕಲರ್’, ‘ಫಾಸ್ಟ್ ಫ್ರೆಂಡ್ಸ್’ ಥರದ ರೂಢಿಯಾದ ಜೋಡಿಗಳಷ್ಟೇ ಹಾಗೆ ನಡೆಯುತ್ತವೆ. ಇದರಿಂದಲೇ ಹುಟ್ಟಿದ ಕ್ರಿಯಾಪದ ‘fasten’ ಅನ್ನು ‘ಫಾಸನ್’ ಅನ್ನಬೇಕು, ನಡುವಿನ ‘ಟ’ ಕೇಳಿಸುವುದಿಲ್ಲ. ಸೀಟ್ ಬೆಲ್ಟ್ ಹಾಕಿಕೊಳ್ಳಿ ಅಂತ ವಿಮಾನದಲ್ಲಿ ಹೇಳುವಾಗ ಬರುವುದು ಅದೇ.

ಹಾಗೇ ‘ದ ಚೈಲ್ಡ್ ಈಸ್ ಫಾಸ್ಟ್ ಅಸ್ಲೀಪ್’ ಅಂತ ಎಲ್ಲಾದರೂ ಕಂಡರೆ ‘ಮಗು ಬೇಗ ಮಲಗಿತು’ ಅಂತ ಬರೆಯಬೇಡಿ. ‘ಮಗು ಗಾಢ ನಿದ್ದೆಯಲ್ಲಿದೆ’ ಅಂತ ಬರೆಯಿರಿ.