ಮುನ್ನೂರು ಜನರಿಲ್ಲದ ಹಳ್ಳಿಗೆ ಬಸ್ ಬರುತ್ತದೆಯೇ?

ಜನಸಂಖ್ಯೆ ಮುನ್ನೂರು ದಾಟದ ನಿಮ್ಮೂರಿಗೆ ಬಸ್ ಕೊಡುತ್ತಾರಾ, ಇಲ್ಲ ಪೇಟೆಯಲ್ಲಿ ಮನೆ ಮಾಡುವುದೇ ವಾಸಿಯಾ ಎಂದು ಕೇಳಿದ್ದೀರಿ. ನಮ್ಮೂರೂ ಅಷ್ಟೇ ದೊಡ್ಡದು. ಉತ್ತರ ಕನ್ನಡದ ಘಟ್ಟದ ಮೇಲೆ, ತೋಟದ ತಲೆಗೊಂದು ಮನೆ. ಡಾಂಬರು ಬಂದಿತ್ತು, ಬಸ್ ಮಾತ್ರ ಕ್ರಾಸಿನಲ್ಲೇ ನಿಲ್ಲುತ್ತಿತ್ತು. ಅಲ್ಲಿಗೆ ನಡೆಯಬೇಕು. ಮಳೆಗಾಲದಲ್ಲಿ ಮಕ್ಕಳು ಒದ್ದೆಯಾಗಿಯೇ ಕ್ಲಾಸಿಗೆ ಹೋಗುತ್ತಿದ್ದರು.

ಊರವರೆಲ್ಲ ಸೇರಿ ಅರ್ಜಿ ಕೊಟ್ಟೆವು. ಬರೆದವನು ನಾನೇ. 2011ರ ಜನಗಣತಿಯ ಅಂಕಿ, ಮನೆಗಳ ಲೆಕ್ಕ, ಪಂಚಾಯಿತಿ ಠರಾವು, ಎಲ್ಲ ಲಗತ್ತಿಸಿದೆ. ಬಸ್ಸೂ ಬಂತು. ಆದರೆ ನಾನು ಕೇಳಿದ್ದು ಬೆಳಿಗ್ಗೆ ಹತ್ತು ಗಂಟೆಯ ಬಸ್.

ಯಾಕೆ ಹತ್ತು ಅಂದರೆ, ಸಹಿ ಹಾಕಿದವರೆಲ್ಲ ಮನೆಯ ಹಿರಿಯರು. ಕೊಟ್ಟಿಗೆ ಕೆಲಸ, ತಿಂಡಿ ಮುಗಿಸಿ ತಾಲೂಕು ಕಚೇರಿಗೋ ಸೊಸೈಟಿಗೋ ಹೋಗಲು ಅವರಿಗೆ ಅದೇ ಅನುಕೂಲ. ಆದರೆ ಅವರು ಪೇಟೆಗೆ ಹೋಗುವುದು ವಾರಕ್ಕೊಮ್ಮೆ. ದಿನಾ ಹೋಗುವವರು ಹೈಸ್ಕೂಲು, ಕಾಲೇಜಿನ ಮಕ್ಕಳು ಮತ್ತು ಅಂಗಡಿ ಕೆಲಸದ ಹೆಂಗಸರು. ಅವರು ಎಂಟಕ್ಕೆಲ್ಲ ಕ್ರಾಸಿನಲ್ಲಿರುತ್ತಿದ್ದರು. ಅವರನ್ನು ನಾನು ಕೇಳಲೇ ಇಲ್ಲ. ಬಸ್ಸು ಮಧ್ಯಾಹ್ನ ಒಂದಕ್ಕೆ ವಾಪಸ್ ಬರುತ್ತಿತ್ತು, ಮಕ್ಕಳಿಗೆ ಕ್ಲಾಸು ಬಿಡುವುದು ನಾಲ್ಕರ ಮೇಲೆ. ಹೋಗುವಾಗಲೂ ಖಾಲಿ, ಬರುವಾಗಲೂ ಖಾಲಿ. ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. ಆಮೇಲೆ ಯಾವಾಗ ಕೇಳಿದರೂ "ನಿಮ್ಮೂರಿಗೆ ಬಿಟ್ಟು ನೋಡಿದ್ದೇವಲ್ಲ, ಜನವೇ ಇಲ್ಲ" ಎಂಬ ಒಂದೇ ಉತ್ತರ. ಜನ ಇದ್ದರು, ಆ ಹೊತ್ತಿಗೆ ಇರಲಿಲ್ಲ ಅಷ್ಟೇ. ಅದನ್ನು ಒಪ್ಪಿಸಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ನನ್ನ ತಂಗಿ ಪಿಯುಸಿಗೆಂದು ಅಜ್ಜನ ಮನೆ ಸೇರಿದಳು. ಎರಡು ಮನೆಯವರು ಊರನ್ನೇ ಬಿಟ್ಟರು.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ. ಜನಸಂಖ್ಯೆ ಬೇಕಾಗುವುದು ರಸ್ತೆಗೆ. 2000ರಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 500 ಜನ, ಗುಡ್ಡಗಾಡು ರಾಜ್ಯ ಮತ್ತು ಮರುಭೂಮಿಯಂಥ ಕಡೆಗಳಿಗೆ 250 ಜನ ಎಂಬ ಕನಿಷ್ಠ ಮಿತಿ ಇದೆ. ಅಲ್ಲೂ ಅರ್ಧ ಕಿಲೋಮೀಟರ್ ಒಳಗಿನ ಕೇರಿಗಳನ್ನು ಕೂಡಿಸಿ ಲೆಕ್ಕ ಕೊಡಬಹುದು. ರಸ್ತೆ ಇಲ್ಲದಿದ್ದರೆ ಆ ದಾರಿ ಹಿಡಿಯಿರಿ. ಬಸ್ಸಿನ ಲೆಕ್ಕವೇ ಬೇರೆ. ಡಿಪೋದವರು ನೋಡುವುದು ಕಿಲೋಮೀಟರಿಗೆ ಎಷ್ಟು ಆದಾಯ ಬರುತ್ತದೆ ಎಂದು. ಊರಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಎಷ್ಟು ಜನ ಹತ್ತುತ್ತಾರೆ ಅನ್ನುವುದು ಮುಖ್ಯ.

ಹೊಸ ಬಸ್ ಕೇಳಲೇಬೇಡಿ. ಪಕ್ಕದ ಊರಿನ ತನಕ ಬರುವ ಬಸ್ಸನ್ನೇ ನಿಮ್ಮೂರಿಗೆ ವಿಸ್ತರಿಸಲು ಕೇಳಿ. ಅದಕ್ಕಿಂತ ಒಳ್ಳೆಯದು ಹಾಲ್ಟಿಂಗ್ ಬಸ್. ರಾತ್ರಿ ಊರಲ್ಲೇ ಉಳಿದು ಬೆಳಿಗ್ಗೆ ಹೊರಡುತ್ತದೆ, ಹೀಗಾಗಿ ಖಾಲಿ ಓಡಾಟ ತಪ್ಪುತ್ತದೆ. ನಮಗೆ ಕೊನೆಗೆ ಸಿಕ್ಕಿದ್ದೂ ಇದೇ. ಡ್ರೈವರ್, ಕಂಡಕ್ಟರ್ ಮಲಗಲು ದೀಪ, ನೀರು, ಶೌಚಾಲಯ ಇರುವ ಕೋಣೆ ಊರವರೇ ಕೊಡಬೇಕು. ಬಸ್ ತಿರುಗಿಸಲು ಜಾಗ ಇರಬೇಕು, ರಸ್ತೆಗೆ ಬಾಗಿದ ಕೊಂಬೆ ಕಡಿಸಿರಬೇಕು. ಇಷ್ಟು ಮಾಡಿಯೇ ಅರ್ಜಿ ಕೊಡಿ.

ಇನ್ನೊಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಹೆಂಗಸರು ಉಚಿತ ಅಲ್ವಾ ಎಂದು ಟಿಕೆಟ್ ಪಡೆಯದೆ ಸುಮ್ನೆ ಕೂರಬಾರದು. ಶೂನ್ಯ ಟಿಕೆಟ್ ಹರಿದರೆ ಮಾತ್ರ ಅವರು ಪ್ರಯಾಣಿಸಿದ್ದು ಲೆಕ್ಕಕ್ಕೆ ಬರುತ್ತದೆ.

ಮನೆ ಬಿಡುವ ಮಾತು ಈಗಲೇ ಬೇಡ. ಮೊದಲು ಒಂದು ವಾರ ಬೆಳಿಗ್ಗೆ, ಸಂಜೆ ಕ್ರಾಸಿನಲ್ಲಿ ನಿಂತು, ಯಾರು ಎಷ್ಟು ಹೊತ್ತಿಗೆ ಹೋಗಿ ಬರುತ್ತಾರೆ ಬರೆದುಕೊಳ್ಳಿ. ದಾರಿಯಲ್ಲಿ ಸಿಗುವ ಊರುಗಳವರನ್ನೂ ಸೇರಿಸಿ. ಶಾಲೆ ಶುರುವಾಗುವ ಮೊದಲೇ, ಏಪ್ರಿಲ್‌ನಲ್ಲೇ ಅರ್ಜಿ ಕೊಡಿ. ಮೊದಲ ಸಹಿ ಕಾಲೇಜಿಗೆ ಹೋಗುವ ಮಕ್ಕಳದ್ದಿರಲಿ.